ಕಡಲು ಕಟ್ಟಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹೇಳಿ ನಮ್ಮ ಹಿರಿಯರು ಸುಮ್ಮನಾದರು. ಅವರಿಗೆ ಮೂರನೆಯದೊಂದು ಹೊಳೆದಿರಲಾರದು. ಹೊಳೆದಿದ್ದರೆ ‘ಕಡಲು ಕಟ್ಟಿ ನೋಡು’ ಎಂದೂ ಸೇರಿಸುತ್ತಿದ್ದರು. ನಾನು ಮನೆಯೊಂದನ್ನು ಕಟ್ಟಿಸಿದ್ದೇನೆ. ಎರಡು ಮದುವೆಗಳನ್ನು—ನನ್ನವಲ್ಲ, ಮಕ್ಕಳವು—ಮಾಡಿಸಿದ್ದೇನೆ. ಆ ಅನುಭವದ ಬಲದಿಂದ ಹೇಳುತ್ತೇನೆ: ಹೊಸಪೇಟೆಯಂಥ ಊರಿನಲ್ಲಿ, ಪಡಸಾಲೆಯ ಗೋಡೆಯ ಪಕ್ಕದಲ್ಲಿ, ಮೂರಡಿ ಉದ್ದದ ಗಾಜಿನ ತೊಟ್ಟಿಯೊಂದನ್ನಿಟ್ಟು ಅದರಲ್ಲಿ ಉಪ್ಪುನೀರಿನ ಮೀನು ಸಾಕಲು ಬೇಕಾದ ಸಾಮಾನು ಆಯುವ ಕೆಲಸ, ವರನನ್ನು ಹುಡುಕುವ ಕೆಲಸಕ್ಕಿಂತ ಸುಲಭವಾದುದಲ್ಲ. ವರನ ವಿಷಯದಲ್ಲಿ ನಾಲ್ಕು ಜನ ಬುದ್ಧಿ ಹೇಳುವವರಾದರೂ ಸಿಗುತ್ತಾರೆ.

ಭೂಪಟ ತೆಗೆದು ನೋಡಿ. ನಮ್ಮೂರಿಗೆ ನೀರಿನ ಬಡತನವಿಲ್ಲ. ೧೯೫೩ರಲ್ಲಿ ಕಾಲುವೆಗಳಿಗೆ ನೀರು ಬಿಟ್ಟ ತುಂಗಭದ್ರಾ ಜಲಾಶಯ ಊರ ಬಾಗಿಲಲ್ಲೇ ಇದೆ. ಆದರೆ ಅದು ಸಿಹಿನೀರು. ಹತ್ತಿರದ ಪಡುವಣ ಕಡಲಿಗೆ ಬೆನ್ನು ತಿರುಗಿಸಿ ಮೂಡಣಕ್ಕೆ ಹರಿದು ಕೃಷ್ಣೆಯನ್ನು ಸೇರುವ ನೀರು. ಪಡುವಣ ಕಡಲಿಗೂ ನಮಗೂ ನಡುವೆ ಕೊಪ್ಪಳ, ಗದಗ, ಹುಬ್ಬಳ್ಳಿ, ಅದರಾಚೆ ಇಡೀ ಸಹ್ಯಾದ್ರಿ. ಸಂಡೂರಿನ ಅದಿರು ರೈಲು ಹತ್ತಿ ಮರ್ಮಗೋವೆಯ ಬಂದರಿಗೆ ಹೋದದ್ದುಂಟು. ಕಡಲು ಅದೇ ರೈಲು ಹತ್ತಿ ಇತ್ತ ಬಂದದ್ದಿಲ್ಲ.

ಹೀಗಿರುವಲ್ಲಿ ಕಡಲನ್ನು ತರುವ ಮಾತು ನಮ್ಮ ಮನೆಯಲ್ಲಿ ಹುಟ್ಟಿದ್ದು ಹೇಗೆಂದರೆ, ಹನ್ನೊಂದು ವರ್ಷದ ಮೊಮ್ಮಗಳಿಂದ. ಕಿತ್ತಳೆಯ ಬಣ್ಣದ ಮೈಗೆ ಮೂರು ಬಿಳಿ ಪಟ್ಟಿ ಬಳಿದಂತಿರುವ ಕ್ಲೌನ್ ಮೀನನ್ನು ಆಕೆ ಸಿನಿಮಾದಲ್ಲಿ ನೋಡಿದ್ದಳು. ನಿವೃತ್ತನಾದ ಲೆಕ್ಕದ ಮೇಷ್ಟ್ರು ಅಜ್ಜನಾಗಿದ್ದರೆ ಮೊಮ್ಮಕ್ಕಳಿಗೆ ಅದೊಂದು ಅನುಕೂಲ. ಯಾವುದನ್ನು ಕೇಳಿದರೂ ಆತ ತಟ್ಟನೆ ಇಲ್ಲವೆನ್ನದೆ ಕಾಗದ ತೆಗೆದುಕೊಂಡು ಲೆಕ್ಕ ಹಾಕಲು ಕೂರುತ್ತಾನೆ. ನಾನೂ ಕುಳಿತೆ.

ಇಲ್ಲವೆಂದವಳು ನನ್ನ ಹೆಂಡತಿ. ಆಕೆ ಗೋಕರ್ಣದ ಬಳಿಯ ಸಾಣಿಕಟ್ಟಾದ ಕಡೆಯವಳು. ಉಪ್ಪಿನ ಆಗರಗಳ ನಡುವೆ ಬೆಳೆದವಳು. ನಲವತ್ತೊಂದು ವರ್ಷಗಳ ಹಿಂದೆ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಹೊಸಪೇಟೆಯ ನಿಲ್ದಾಣದಲ್ಲಿ ಬಸ್ಸಿಳಿದವಳು. ನನ್ನ ಕಾಗದವನ್ನು ಓದಿ ಕೆಳಗಿಟ್ಟು ಅಂದಳು: “ಅಲ್ಲ ಮಾರಾಯರೆ, ಕಡಲಿನ ಜೀವವನ್ನು ಈ ಬಿಸಿಲಿಗೆ ಒಗ್ಗಿಸುವುದು ಎಂದರೆ ಏನೆಂದು ನಿಮಗೇನು ಗೊತ್ತು? ನನಗೆ ಗೊತ್ತು.”

ಈ ಮಾತಿಗೆ ಉತ್ತರ ಕೊಡಬಲ್ಲ ಗಂಡನನ್ನು ನಾನು ಕಂಡಿಲ್ಲ. ಆದರೆ ಅದೇ ರಾತ್ರಿ ನನಗೊಂದು ನೆನಪಾಯಿತು. ಸೊಸೆ ಬರುವ ಮೊದಲೇ ನನ್ನ ತಾಯಿ ಮನೆಗೆ ಒಂದು ಮೇಜಿನ ಫ್ಯಾನು ಕೊಳ್ಳಿಸಿದ್ದಳು. ಕರಾವಳಿಯ ಹುಡುಗಿ ನಮ್ಮ ಬಿಳಿಯನ್ನವನ್ನು ಸೇರಿಸಲಾರಳೆಂದು ಹುಬ್ಬಳ್ಳಿಯಿಂದ ಅರ್ಧ ಮೂಟೆ ಕುಚ್ಚಲಕ್ಕಿ ತರಿಸಿಟ್ಟಿದ್ದಳು. ಹೊಸ ಜೀವ ಬರುವ ಮೊದಲು ಅದಕ್ಕೆ ಏನು ಇಲ್ಲವಾಗುತ್ತದೆ ಎಂದು ಯೋಚಿಸಿ, ಇಲ್ಲವಾಗುವ ಒಂದೊಂದಕ್ಕೂ ಬದಲಿ ಹೂಡಿಡುವುದು—ಸಾಮಾನು ಆಯುವುದೆಂದರೆ ಇಷ್ಟೇ ಅಲ್ಲವೆ? ಬೆಳಗ್ಗೆ ಎದ್ದವನು ಹಳೆಯ ಪಟ್ಟಿಯನ್ನು ಹರಿದೆ. ಹೊಸ ಕಾಗದದ ಎಡಗಡೆಗೆ ಕಡಲು ತನ್ನ ಮೀನಿಗೆ ಪುಕ್ಕಟೆಯಾಗಿ ಮಾಡಿಕೊಡುವ ಕೆಲಸಗಳನ್ನು ಬರೆದೆ. ಬಲಗಡೆಗೆ ಆ ಕೆಲಸವನ್ನು ನಮ್ಮ ಮನೆಯಲ್ಲಿ ಮಾಡುವವರಾರು ಎಂದು ಬರೆಯಬೇಕಾಗಿತ್ತು. ಯಾವ ಕೆಲಸವನ್ನೂ ಮಾಡದ ಸಾಮಾನಿಗೆ ಪಟ್ಟಿಯಲ್ಲಿ ಜಾಗವಿಲ್ಲ. ಈ ಒಂದು ನಿಯಮದಿಂದಲೇ ಗುಳ್ಳೆ ಬಿಡುವ ನಿಧಿ ಪೆಟ್ಟಿಗೆ, ಮುರಿದ ಹಡಗು, ನೀಲಿ ಬಣ್ಣದ ಗರಸು ಇವೆಲ್ಲ ಅಂಗಡಿಯಲ್ಲೇ ಉಳಿದವು. ಪಟ್ಟಿ ಮುಗಿದ ಮೇಲೆ ತರುವುದೋ ಬಿಡುವುದೋ ಎಂಬ ತೀರ್ಪನ್ನು ಹೆಂಡತಿಗೇ ಬಿಟ್ಟೆವು.

ಕಡಲಿನ ಮೊದಲನೆಯ ಕೆಲಸ, ದೊಡ್ಡದಾಗಿರುವುದು. ಇದು ಹುಡುಗಾಟದ ಮಾತಲ್ಲ. ಮೊದಲ ಸಲ ಸಾಕುವವರು ಚಿಕ್ಕ ತೊಟ್ಟಿಯಿಂದ ಆರಂಭಿಸೋಣ ಎನ್ನುತ್ತಾರೆ, ಅಂಗಡಿಯವರೂ ಹೌದೆನ್ನುತ್ತಾರೆ. ಲೆಕ್ಕ ಇದಕ್ಕೆ ವಿರೋಧ. ಮೇ ತಿಂಗಳಲ್ಲಿ ರಸ್ತೆಯ ಗುಂಡಿಯ ನೀರು ಮಧ್ಯಾಹ್ನಕ್ಕೆ ಕೈ ಸುಡುತ್ತದೆ, ಜಲಾಶಯದ ನೀರು ಸುಡುವುದಿಲ್ಲ. ನೀರು ಹೆಚ್ಚಿದ್ದಷ್ಟೂ ಬಿಸಿಯೂ ಉಪ್ಪೂ ಕೊಳೆಯೂ ಮೆಲ್ಲಗೆ ಬದಲಾಗುತ್ತವೆ. ನಮಗೆ ತಿದ್ದಲು ಹೊತ್ತು ಸಿಗುತ್ತದೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಎಂದರೆ ಆರು ಮುಕ್ಕಾಲು ಘನ ಅಡಿ; ಘನ ಅಡಿಗೆ ೨೮ ಲೀಟರಿನ ಮೇಲೆ. ಅಂಚು ಬಿಟ್ಟು, ಕಲ್ಲಿನ ಜಾಗ ಕಳೆದು, ೧೭೦ ಲೀಟರು ನೀರು ಹಿಡಿಯುತ್ತದೆ. ಗಾಜು ಕಲ್ಲು ಸೇರಿ ಕಾಲು ಟನ್ನಿಗೆ ಹತ್ತಿರದ ತೂಕ. ಆದುದರಿಂದ ಪಟ್ಟಿಯ ಮೊದಲನೆಯ ಸಾಮಾನು ತೊಟ್ಟಿಯಲ್ಲ, ಅದನ್ನು ಹೊರುವ ಕಬ್ಬಿಣದ ಸ್ಟ್ಯಾಂಡು. ಅದನ್ನು ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿ, ಉಪ್ಪುನೀರು ತಾಗಿ ತುಕ್ಕು ಹಿಡಿಯದಂತೆ ಎರಡು ಕೈ ಬಣ್ಣ ಹೊಡೆಸಿ, ಮಟ್ಟಗೋಲಿಟ್ಟು ನೋಡಿದೆವು.

ಎರಡನೆಯದು ಉಪ್ಪು. ಇಲ್ಲಿ ನನ್ನ ಹೆಂಡತಿ ಮೊದಲ ಬಾರಿಗೆ ಪಟ್ಟಿಯ ಹತ್ತಿರ ಬಂದು ಕುಳಿತಳು. “ಹರಳುಪ್ಪು ಕರಗಿಸಿದರೆ ಕಡಲ ನೀರಾಗುವುದಿಲ್ಲವೆ ಅಜ್ಜಿ?” ಎಂದು ಮೊಮ್ಮಗಳು ಕೇಳಿದ್ದಳು. “ಆಗುವುದಿಲ್ಲ ಕೂಸೆ,” ಎಂದಳು ಈಕೆ. “ಆಗರದಲ್ಲಿ ನೀರು ಬತ್ತುತ್ತ ಬತ್ತುತ್ತ ಮೊದಲು ಒಂದು ಬಗೆಯ ಸುಣ್ಣ ಕೂರುತ್ತದೆ, ಆಮೇಲೆ ಉಪ್ಪು ಕೂರುತ್ತದೆ. ಉಪ್ಪು ಎಳೆದ ಮೇಲೂ ನೀರು ಉಳಿಯುತ್ತದೆ, ಬಾಯಿಗಿಟ್ಟರೆ ಕಹಿ. ಅದನ್ನು ಹೊರಗೆ ಬಿಟ್ಟುಬಿಡುತ್ತಾರೆ. ಉಪ್ಪೆಂದರೆ ಕಡಲಲ್ಲ, ಕಡಲಲ್ಲಿ ಒಂದು ಪಾಲು.”

ಪುಸ್ತಕದಲ್ಲಿರುವುದೂ ಇದೇ. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣ. ಅದರಲ್ಲಿ ನೂರಕ್ಕೆ ೮೫ ಪಾಲು ಮಾತ್ರ ಅಡಿಗೆಯ ಉಪ್ಪಿನ ಸೋಡಿಯಂ ಮತ್ತು ಕ್ಲೋರಿನ್. ಉಳಿದ ೧೫ ಪಾಲಿನಲ್ಲಿ ಸಲ್ಫೇಟು, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟಾಸಿಯಂ. ಸುಣ್ಣ ಮೊದಲೇ ಕೂತುಬಿಡುತ್ತದೆ, ಮೆಗ್ನೀಸಿಯಂ ಕಹಿನೀರಿನೊಡನೆ ಹೊರಟುಹೋಗುತ್ತದೆ. ನಮ್ಮ ಡಬ್ಬಿಗೆ ಬರುವುದು ನಡುವಿನ ಪಾಲು. ಊಟಕ್ಕೆ ಅದು ಸೈ, ಮೀನಿಗೆ ಸಾಲದು. ಸಮಾಧಾನದ ಸಂಗತಿಯೂ ಒಂದುಂಟು. ‘ಚಾಲೆಂಜರ್’ ಎಂಬ ಹಡಗು ೧೮೭೨ರಿಂದ ೧೮೭೬ರ ವರೆಗೆ ಪ್ರಪಂಚದ ಕಡಲುಗಳನ್ನು ಸುತ್ತಿ ತಂದ ನೀರಿನ ೭೭ ಮಾದರಿಗಳನ್ನು ಡಿಟ್ಮರ್ ಎಂಬ ರಸಾಯನಶಾಸ್ತ್ರಜ್ಞ ಪರೀಕ್ಷಿಸಿ ೧೮೮೪ರಲ್ಲಿ ಫಲಿತಾಂಶ ಪ್ರಕಟಿಸಿದ. ಒಟ್ಟು ಉಪ್ಪು ಕಡಲಿಂದ ಕಡಲಿಗೆ ತುಸು ಹೆಚ್ಚು ಕಡಿಮೆಯಾದರೂ ಅದರೊಳಗಿನ ಮುಖ್ಯ ಲವಣಗಳ ಪ್ರಮಾಣ ಎಲ್ಲೆಡೆಯೂ ಹೆಚ್ಚು ಕಡಿಮೆ ಒಂದೇ ಎಂದು ತಿಳಿಯಿತು. ಆದುದರಿಂದ ಅದೇ ಪ್ರಮಾಣದಲ್ಲಿ ಬೆರೆಸಿದ ‘ಮರೀನ್ ಸಾಲ್ಟ್’ ಚೀಲವೊಂದು ಸಿಕ್ಕರೆ ಯಾವ ಊರಿನಲ್ಲೂ ಕಡಲ ನೀರು ಮಾಡಿಕೊಳ್ಳಬಹುದು. ೧೭೦ ಲೀಟರಿಗೆ ಆರು ಕಿಲೊ. ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರು ಬದಲಿಸಲು ಆರುನೂರು ಗ್ರಾಂ. ವರ್ಷಕ್ಕೆ ಮೂವತ್ತೊಂದು ಕಿಲೊ. ಕೊಳ್ಳುವ ದಿನದ ಖರ್ಚನ್ನು ಎಲ್ಲರೂ ಕೇಳುತ್ತಾರೆ. ನಿಜವಾಗಿ ಕೇಳಬೇಕಾದದ್ದು ಈ ಮೂವತ್ತೊಂದು ಕಿಲೊವಿನ ಲೆಕ್ಕ.

ಉಪ್ಪನ್ನು ಅಳೆಯಲು ಎರಡು ಉಪಕರಣಗಳಿವೆ. ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ನೋಡುವ ಲ್ಯಾಕ್ಟೋಮೀಟರಿನ ಜಾತಿಗೆ ಸೇರಿದ ಹೈಡ್ರೋಮೀಟರು ಒಂದು, ಅಗ್ಗದ್ದು. ನೀರಿನ ಹನಿಯಲ್ಲಿ ಬೆಳಕು ಎಷ್ಟು ಬಾಗುತ್ತದೆಂದು ತೋರಿಸುವ ರಿಫ್ರಾಕ್ಟೋಮೀಟರು ಇನ್ನೊಂದು. ಅಗ್ಗದ್ದಕ್ಕೆ ಒಂದು ಗುಳ್ಳೆ ಅಂಟಿದರೂ ಸುಳ್ಳು ಹೇಳುತ್ತದೆ. ಎರಡನೆಯದನ್ನೇ ಕೊಂಡೆವು. ತೊಟ್ಟಿಯಲ್ಲಿ ಹಣ ಉಳಿಸಬಹುದು, ದೀಪದಲ್ಲಿ ಉಳಿಸಬಹುದು. ಅಳೆಯುವ ಸಾಧನದಲ್ಲಿ ಉಳಿಸಬಾರದೆಂಬುದು ಲೆಕ್ಕದ ಮೇಷ್ಟ್ರ ಅಭಿಪ್ರಾಯ.

ಉಪ್ಪು ಬೆರೆಸುವ ಮೊದಲು ನೀರು ನೀರಾಗಿರಬೇಕು. ಕೊಳವೆಬಾವಿಯ ನೀರಿನಲ್ಲಿ ಈಗಾಗಲೇ ನೆಲದ ಲವಣಗಳಿರುತ್ತವೆ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಆದುದರಿಂದ ಆರ್.ಓ. ಯಂತ್ರ, ಅದರ ಜೊತೆಗೆ ಪೆನ್ನಿನಷ್ಟುದ್ದದ ಟಿ.ಡಿ.ಎಸ್. ಮೀಟರು. ಯಂತ್ರ ಹೊರಚೆಲ್ಲುವ ನೀರು ಹಿತ್ತಲಿನ ಕರಿಬೇವಿಗೆ. ನೀರು ಹಿಡಿದಿಡಲು ಹೆಂಡತಿ ಮದುವೆಯಲ್ಲಿ ತಂದ ತಾಮ್ರದ ಹಂಡೆಯನ್ನು ಮೊಮ್ಮಗಳು ಎಳೆದುತಂದಳು. ಮನುಷ್ಯರಿಗೆ ತಾಮ್ರದ ಪಾತ್ರೆಯ ನೀರು ಶ್ರೇಷ್ಠವೆಂದು ನಂಬಿ ಬಂದವರು ನಾವು. ಉಪ್ಪುನೀರಿನ ಸೀಗಡಿ, ಶಂಖದ ಹುಳುಗಳಿಗೆ ಅದೇ ತಾಮ್ರ ಎಳ್ಳಷ್ಟಾದರೂ ವಿಷ. ಹಂಡೆ ಅಟ್ಟಕ್ಕೆ ಹೋಗಿ ಎರಡು ಪ್ಲಾಸ್ಟಿಕ್ ಡ್ರಮ್ಮುಗಳು ಬಂದವು.

ಕಡಲಿನ ಮೂರನೆಯ ಕೆಲಸ, ಕೊಳೆಯನ್ನು ಅರಗಿಸುವುದು. ಇದನ್ನು ನನಗೆ ತಿಳಿಯ ಹೇಳಿದವರು ಕಂಪ್ಲಿಯ ಹತ್ತಿರ ಭತ್ತ ಬೆಳೆಯುವ ನನ್ನ ಗೆಳೆಯರೊಬ್ಬರು. ಮೀನಿನ ಕಸದಿಂದ ಅಮೋನಿಯಾ ಹುಟ್ಟುತ್ತದೆ, ಒಂದು ಜಾತಿಯ ಸೂಕ್ಷ್ಮಜೀವಿ ಅದನ್ನು ನೈಟ್ರೈಟು ಮಾಡುತ್ತದೆ, ಇನ್ನೊಂದು ಜಾತಿ ಅದನ್ನು ನೈಟ್ರೇಟು ಮಾಡುತ್ತದೆ, ಮೊದಲ ಎರಡೂ ಮೀನಿಗೆ ವಿಷ ಎಂದು ನಾನು ಪುಸ್ತಕ ಓದಿ ಹೇಳುತ್ತಿದ್ದರೆ ಅವರು ನಕ್ಕುಬಿಟ್ಟರು. “ಮೇಷ್ಟ್ರೆ, ಇದು ನಮ್ಮ ಗದ್ದಿ ಲೆಕ್ಕಾನೇ ಐತಲ್ರಿ. ಯೂರಿಯಾ ಹಾಕ್ತೀವಿ, ಮಣ್ಣಾಗ ಅದು ಅಮೋನಿಯಾ ಆಕ್ಕೈತಿ, ಆಮೇಲೆ ನೈಟ್ರೇಟ್ ಆಕ್ಕೈತಿ. ನೀರು ನಿಂತ ಕೆಸರಿನ ತಳಕ್ಕ ಇಳೀತು ಅಂದ್ರ ಗಾಳಿಗೆ ಹಾರಿ ಹೋಕ್ಕೈತಿ. ನಮಗದು ನಷ್ಟ, ನಿಮಗದು ಲಾಭ.” ಅಕ್ಷರಶಃ ನಿಜ. ಉಪ್ಪುನೀರಿನ ತೊಟ್ಟಿಯಲ್ಲಿ ಗದ್ದೆಯ ಕೆಸರಿನ ಕೆಲಸವನ್ನು ಮಾಡುವುದು ತೂತು ತೂತಾದ ಸುಣ್ಣದ ಕಲ್ಲು: ಹೊರಮೈಯಲ್ಲಿ ಗಾಳಿ ಬೇಕೆನ್ನುವ ಸೂಕ್ಷ್ಮಜೀವಿಗಳು, ಒಳಗಿನ ತೂತುಗಳಲ್ಲಿ ಗಾಳಿ ಬೇಡವೆನ್ನುವವು.

ಕಲ್ಲು ಆಯುವಾಗ ಎಚ್ಚರವಿರಬೇಕು. ಹವಳವನ್ನು ೨೦೦೧ರಲ್ಲಿ ವನ್ಯಜೀವಿ ಸಂರಕ್ಷಣಾ ಕಾನೂನಿನ ಆಸರೆಗೆ ತಂದಿದ್ದಾರೆ. ಕಡಲ ಕುದುರೆಯನ್ನೂ ತಂದಿದ್ದಾರೆ. ಕಡಲಿನಿಂದ ಕಿತ್ತು ತಂದ ಹವಳದ ಕಲ್ಲನ್ನು ಯಾರಾದರೂ ಗುಟ್ಟಾಗಿ ತೋರಿಸಿದರೆ, ಕೊಳ್ಳುವವನೂ ತಪ್ಪಿತಸ್ಥನೇ. ನಾವು ತರಿಸಿದ್ದು ಒಣಗಿದ ಸುಣ್ಣದ ಕಲ್ಲು, ಹದಿನೈದು ಕಿಲೊ. ಜೀವವಿಲ್ಲದ ಕಲ್ಲಿಗೆ ಹೆಪ್ಪು ಹಾಕಬೇಕು, ಹಾಲಿಗೆ ಹಾಕಿದ ಹಾಗೆ. ಸೂಕ್ಷ್ಮಜೀವಿಗಳ ಸೀಸೆ ಸಿಗುತ್ತದೆ. ಹಾಲು ಒಂದು ರಾತ್ರಿಯಲ್ಲಿ ಹೆಪ್ಪಾದರೆ ತೊಟ್ಟಿಗೆ ನಾಲ್ಕರಿಂದ ಆರು ವಾರ. ಹೆಪ್ಪಾಯಿತೆಂದು ತಿಳಿಯಲು ಅಮೋನಿಯಾ, ನೈಟ್ರೈಟು, ನೈಟ್ರೇಟುಗಳ ಪರೀಕ್ಷೆಯ ಪೆಟ್ಟಿಗೆ. ಹನಿ ಹಾಕಿ ಬಣ್ಣ ನೋಡುವುದು. ಇದನ್ನು ಕೊಳ್ಳದೆ ಮೀನು ಕೊಳ್ಳುವುದು ಕಣ್ಣು ಕಟ್ಟಿಕೊಂಡು ಬಾವಿಯ ಕಟ್ಟೆಯ ಮೇಲೆ ನಡೆದಂತೆ.

ಕಲ್ಲಿನ ಮಾತು ಬಂದಾಗ ಸಂಡೂರಿನಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬ ಅಂಗೈಯಗಲದ ಕಲ್ಲೊಂದನ್ನು ತಂದುಕೊಟ್ಟ. ಕೆಂಪು ಕಪ್ಪು ಗೆರೆಗಳು ಒಂದರ ಮೇಲೊಂದು, ಅಂಚಿನ ಸೀರೆ ಮಡಿಸಿಟ್ಟಂತೆ. ತೊಟ್ಟಿಗೆ ಹಾಕಿದರೆ ಎಷ್ಟು ಚೆನ್ನಾಗಿ ಕಾಣುತ್ತದೆ! ಆದರೆ ಅದು ಕಬ್ಬಿಣದ ಕಲ್ಲು. ಲೋಹದ ಕಲ್ಲಿಗೆ ತೊಟ್ಟಿಯಲ್ಲಿ ಪ್ರವೇಶವಿಲ್ಲ. ಅದರ ಕಥೆ ಮಾತ್ರ ನಮ್ಮೆಲ್ಲರನ್ನೂ ಒಂದು ಸಂಜೆ ಸುಮ್ಮನಾಗಿಸಿತು. ಸಂಡೂರಿನ ಗುಡ್ಡಗಳ ಈ ಪಟ್ಟೆಗಲ್ಲು ೨೫೦ ಕೋಟಿ ವರ್ಷಗಳಿಗೂ ಹಿಂದೆ ಕಡಲ ತಳದಲ್ಲಿ ಕೂತ ಕೆಸರು. ಆಗಿನ ಕಡಲ ನೀರಿನಲ್ಲಿ ಕಬ್ಬಿಣ ಕರಗಿತ್ತು. ಪ್ರಾಣವಾಯು ಹುಟ್ಟಿದ ಹಾಗೆ ಅದು ತುಕ್ಕಾಗಿ ಪದರ ಪದರವಾಗಿ ಕೆಳಗಿಳಿಯಿತು ಎನ್ನುವುದು ವಿಜ್ಞಾನಿಗಳು ಸಾಮಾನ್ಯವಾಗಿ ಕೊಡುವ ವಿವರಣೆ. ಅಲ್ಲಿಯ ಶಿಲೆಗಳಲ್ಲಿ, ನೀರಿನ ಅಡಿಯಲ್ಲಿ ಉಕ್ಕಿ ದಿಂಬಿನಂತೆ ಗಟ್ಟಿಯಾದ ಲಾವಾ ಕೂಡ ಉಂಟು. ಕಡಲು ನಮ್ಮ ಕಡೆಗೆ ಬಂದೇ ಇಲ್ಲವೆಂದು ಮೇಲೆ ಬರೆದೆನಲ್ಲ. ಬಂದಿತ್ತು, ರೈಲಿಗಿಂತ ಬಹಳ ಮೊದಲು. ಆ ಕಲ್ಲನ್ನು ಸ್ಟ್ಯಾಂಡಿನ ಪಕ್ಕದ ಗೂಡಿನಲ್ಲಿ ಇಟ್ಟಿದ್ದೇವೆ. ತೊಟ್ಟಿಗೆ ಅದು ಹಿರಿಯ ನೆಂಟ.

ನಾಲ್ಕನೆಯದು ಅಲೆ. ಕಡಲಿನಲ್ಲಿ ನೀರು ನಿಲ್ಲುವುದೆಂಬುದಿಲ್ಲ. ತೊಟ್ಟಿಯಲ್ಲಿ ನಾವೇ ಅಲುಗಿಸಬೇಕು. ಇದರ ಪಾಠಕ್ಕೆ ಮೊಮ್ಮಗಳನ್ನು ಹಂಪೆಗೆ ಕರೆದುಕೊಂಡು ಹೋದೆ. ಅರಮನೆಯ ಆವರಣದಲ್ಲಿ ೧೯೮೦ರ ದಶಕದಲ್ಲಿ ಅಗೆದು ತೆಗೆದ ಮೆಟ್ಟಿಲುಗಳ ಪುಷ್ಕರಣಿಯನ್ನು ಎಲ್ಲರೂ ನೋಡುತ್ತಾರೆ. ಅದರ ಬಳಿ ಕಂಬಗಳ ಮೇಲೆ ಸಾಗಿಬರುವ ಕಲ್ಲಿನ ದೋಣಿಯನ್ನು ಎಲ್ಲರೂ ನೋಡುವುದಿಲ್ಲ. ನೀರು ಬಂದದ್ದು ಅದರಲ್ಲಿ. ಕಟ್ಟಿದವರು ನೀರು ಬರುವ ದಾರಿಯನ್ನು ಯೋಚಿಸಿದ ಹಾಗೆಯೇ ಹೋಗುವ ದಾರಿಯನ್ನೂ ಯೋಚಿಸುವ ಜನ. ಅವರ ಕಾಲದ ತುರ್ತಾ ಕಾಲುವೆಯಲ್ಲಿ ಇಂದಿಗೂ ನೀರು ಹರಿದು ಬಾಳೆಯ ತೋಟಕ್ಕೆ ಹೋಗುತ್ತದೆ. “ಹಾಗಾದರೆ ನಮ್ಮದರಲ್ಲಿ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಅಜ್ಜ?” ಎಂದಳು ಹುಡುಗಿ. ಅದೇ ಕೇಳಬೇಕಾದ ಪ್ರಶ್ನೆ. ತೊಟ್ಟಿಯ ಕೆಳಗೆ ಇನ್ನೊಂದು ತೊಟ್ಟಿಯಿಟ್ಟು ನೀರು ಇಳಿಸಿ ಏರಿಸುವ ಏರ್ಪಾಟು ಒಳ್ಳೆಯದು. ಆದರೆ ಕರೆಂಟು ಹೋದಾಗ ಮೇಲಿನ ನೀರು ಎಷ್ಟು ಕೆಳಗಿಳಿಯುತ್ತದೆಂದು ಲೆಕ್ಕ ತಪ್ಪಿದರೆ ಪಡಸಾಲೆಯೇ ಪುಷ್ಕರಣಿ. ಮೊದಲ ಸಲಕ್ಕೆ ಅದು ಬೇಡವೆಂದು, ಗಂಟೆಗೆ ತೊಟ್ಟಿಯ ನೀರನ್ನು ಹತ್ತು ಹದಿನೈದು ಸಲ ತಿರುಗಿಸಬಲ್ಲ ಪುಟ್ಟ ವೇವ್‌ಮೇಕರುಗಳನ್ನು ಗಾಜಿಗೆ ಅಂಟಿಸುವುದೆಂದು ತೀರ್ಮಾನಿಸಿದೆವು.

ಜೊತೆಗೆ ನೊರೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಕಸದ ನೊರೆಯನ್ನು ಜಾಲರಿಯಿಂದ ಎತ್ತಿ ಚೆಲ್ಲುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಇಲ್ಲಿ ಬೆಂಕಿಯ ಬದಲು ಗಾಳಿಯ ಸಣ್ಣ ಗುಳ್ಳೆ. ಗುಳ್ಳೆಯ ಮೈಗೆ ಕೊಳೆ ಅಂಟಿ ನೊರೆಯಾಗಿ ಮೇಲೇರಿ ಬಟ್ಟಲಿಗೆ ಬೀಳುತ್ತದೆ. ಸಿಹಿನೀರಿನಲ್ಲಿ ಗುಳ್ಳೆಗಳು ದೊಡ್ಡವಾಗಿ ಒಡೆದುಹೋಗುತ್ತವೆ, ಉಪ್ಪುನೀರಿನಲ್ಲಿ ನುಣ್ಣಗಿರುತ್ತವೆ. ಕಡಲತೀರದಲ್ಲಿ ಅಲೆ ಬಿಟ್ಟುಹೋಗುವ ನೊರೆಯೂ ಇದೇ ಕೆಲಸದ ಗುರುತು ಎಂದು ಹೆಂಡತಿಗೆ ಹೇಳಿದೆ. “ಅದನ್ನು ಕಾಲಲ್ಲಿ ತುಳಿದು ಆಡಿದ್ದೇವೆ,” ಎಂದಳು. ಆ ಸಂಜೆ ಇನ್ನೇನೂ ಹೇಳಲಿಲ್ಲ.

ಐದನೆಯದು ತಂಪು. ಆಕೆಯ ಆಕ್ಷೇಪಣೆಯ ತಿರುಳೇ ಇದು. ಕ್ಲೌನ್ ಮೀನಿಗೆ ೨೫ರಿಂದ ೨೮ ಡಿಗ್ರಿ ಹಿತ. ನಮ್ಮೂರಿನ ಬೇಸಗೆ ೪೦ ದಾಟುವುದು ಸುದ್ದಿಯೇ ಅಲ್ಲ. ಚಿಲ್ಲರ್ ಎಂಬ ಯಂತ್ರವಿದೆ, ಬೆಲೆ ಕೇಳಿದೆ, ಉಳಿದೆಲ್ಲ ಸಾಮಾನು ಒಂದು ತಕ್ಕಡಿಯಲ್ಲಿಟ್ಟರೂ ಅದೇ ತೂಗುತ್ತಿತ್ತು. ಆದರೆ ನಮ್ಮ ಬಿಸಿಲಿಗೆ ಒಂದು ಗುಣವಿದೆ, ಅದು ಒಣ ಬಿಸಿಲು. ಮಣ್ಣಿನ ಗಡಿಗೆಯ ನೀರು ಕರಾವಳಿಯಲ್ಲಿ ನಮ್ಮಲ್ಲಿಯಷ್ಟು ತಣ್ಣಗಾಗದು. ಒಂದು ಲೀಟರು ನೀರು ಆವಿಯಾಗುವಾಗ ಸುಮಾರು ೫೮೦ ಕಿಲೊ ಕ್ಯಾಲರಿ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ನೂರು ಲೀಟರನ್ನು ಆರು ಡಿಗ್ರಿಯಷ್ಟು ಇಳಿಸಲು ಅಷ್ಟು ಸಾಕು. ಏಪ್ರಿಲ್ ಮೇ ಎರಡು ತಿಂಗಳೂ ತೊಟ್ಟಿಯಲ್ಲಿ ಬರಿಯ ಸಿಹಿನೀರು ತುಂಬಿ, ಮೀನಿಲ್ಲದೆ, ಉಪ್ಪಿಲ್ಲದೆ, ಮೇಲೆ ಎರಡು ಪುಟ್ಟ ಫ್ಯಾನು ಕಟ್ಟಿ, ದಿನಕ್ಕೆ ಮೂರು ಹೊತ್ತು ಉಷ್ಣಮಾಪಕ ನೋಡಿ ಬರೆದಿಟ್ಟೆವು. ಫ್ಯಾನಿಲ್ಲದ ದಿನ ೩೩. ಫ್ಯಾನಿದ್ದ ದಿನ ೨೮. ಪ್ರಯೋಗದಲ್ಲಿ ಒಂದು ಜೀವವನ್ನೂ ಪಣಕ್ಕಿಡಲಿಲ್ಲ. ತಂಪಿನ ಪ್ರಶ್ನೆಗೆ ಮೇಜಿನ ಫ್ಯಾನಿನ ಕಾಲದ ಉತ್ತರವೇ ಸಾಕಾಯಿತು.

ಆದರೆ ಫ್ಯಾನಿನ ಹಿಂದೆ ಇನ್ನೊಂದು ಲೆಕ್ಕ ಬರುತ್ತದೆ. ದಿನಕ್ಕೆ ಮೂರು ಲೀಟರು ಆವಿಯಾಗಿ ಹೋಗುತ್ತಿತ್ತು. ಹೋಗುವುದು ನೀರು, ಉಪ್ಪಲ್ಲ. ಹತ್ತು ದಿನ ಯಾರೂ ನೋಡದಿದ್ದರೆ ೧೭೦ ಲೀಟರು ೧೪೦ಕ್ಕೆ ಇಳಿದು, ಲೀಟರಿಗೆ ೩೫ ಗ್ರಾಂ ಇದ್ದದ್ದು ೪೨ ದಾಟುತ್ತದೆ. ನಮ್ಮ ಅಚ್ಚುಕಟ್ಟು ಪ್ರದೇಶದ ರೈತರಿಗೆ ಇದು ಹೊಸ ಪಾಠವಲ್ಲ: ನೀರು ನಿಂತು, ಬತ್ತಿ, ಉಪ್ಪು ಉಳಿದು ಸವಳಾದ ಹೊಲಗಳನ್ನು ಅವರು ಕಂಡಿದ್ದಾರೆ, ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಆ ವಿಷಯದ ಮೇಲೆ ಸಂಶೋಧನೆಯೇ ನಡೆದಿದೆ. ಆದುದರಿಂದ ಕಡಿಮೆಯಾದಷ್ಟನ್ನು ಪ್ರತಿದಿನ ಸಿಹಿನೀರಿನಿಂದ ತುಂಬಬೇಕು, ಉಪ್ಪುನೀರಿನಿಂದಲ್ಲ. ಕಡಲಿಗೆ ಈ ಕೆಲಸವನ್ನು ಮಳೆ, ಹೊಳೆಗಳು ಮಾಡಿಕೊಡುತ್ತವೆ. ನಮ್ಮಲ್ಲಿ ಮೇಲಿನ ಟ್ಯಾಂಕಿಗಿರುವಂಥ ಫ್ಲೋಟು, ಇಪ್ಪತ್ತು ಲೀಟರಿನ ಒಂದು ಕ್ಯಾನು, ಗಾಜಿನ ಮೇಲೆ ಮೊಮ್ಮಗಳು ಎಳೆದ ಒಂದು ಗೆರೆ.

ಕೊನೆಯ ಕೆಲಸ, ಎಂದೂ ನಿಲ್ಲದಿರುವುದು. ಕಡಲಿಗೆ ರಜೆಯಿಲ್ಲ, ಲೋಡ್ ಶೆಡ್ಡಿಂಗ್ ಇಲ್ಲ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೧೯ನೆಯ ಕ್ರೆಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋದುದು ನಮ್ಮೂರಿನವರಿಗೆಲ್ಲ ನೆನಪಿದೆ. ಮೂವತ್ತಮೂರು ಗೇಟುಗಳಲ್ಲಿ ಒಂದು. ಅದೊಂದಕ್ಕಾಗಿ ವಾರವೆಲ್ಲ ನೀರು ಹರಿಯಬಿಟ್ಟು, ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಇಳಿಸಿ ತಡೆದರು. ಆ ವಾರ ಊರಿಗೆ ಊರೇ ನಿದ್ದೆಗೆಟ್ಟಿತ್ತು. ಅಂದಿನಿಂದ ಯಾವ ಸಾಮಾನನ್ನು ನೋಡಿದರೂ, ಇದು ನಿಂತ ರಾತ್ರಿ ಏನು ಎಂದು ಕೇಳುವುದು ನನಗೆ ಅಭ್ಯಾಸವಾಗಿದೆ. ಅದರ ಫಲವೇ ಒಂದು ದೊಡ್ಡ ಪಂಪಿನ ಬದಲು ಎರಡು ಚಿಕ್ಕವು. ಕರೆಂಟು ಹೋದ ಕೂಡಲೆ ತಾನೇ ಶುರುವಾಗುವ ಬ್ಯಾಟರಿಯ ಗಾಳಿಯಂತ್ರ. ಬೆರೆಸಿಟ್ಟ ಉಪ್ಪುನೀರಿನ ಒಂದು ಡ್ರಮ್ಮು. ಎಲ್ಲಕ್ಕಿಂತ ಮೊದಲು, ಮೀನಿನದಲ್ಲ, ನಮ್ಮ ಪ್ರಾಣದ ಸಲುವಾಗಿ, ೩೦ ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಉಪ್ಪುನೀರು ವಿದ್ಯುತ್ತಿಗೆ ಹೆದ್ದಾರಿ. ಪ್ರತಿಯೊಂದು ವೈರೂ ಪ್ಲಗ್ಗಿಗಿಂತ ಕೆಳಕ್ಕೆ ಒಮ್ಮೆ ಜೋತುಬಿದ್ದು ಆಮೇಲೆ ಮೇಲೇರಬೇಕು. ಹನಿ ಜಾರಿದರೆ ನೆಲಕ್ಕೆ ಬೀಳಬೇಕು, ಪ್ಲಗ್ಗಿಗಲ್ಲ. ಈ ಎರಡಕ್ಕೂ ಹೇಳಿಕೊಳ್ಳುವಂಥ ಖರ್ಚಿಲ್ಲ, ಮರೆತವರೇ ಹೆಚ್ಚು.

ದೀಪ? ಹವಳ ಸಾಕುವವರಿಗೆ ದೀಪವೇ ದೊಡ್ಡ ಖರ್ಚು. ನಾವು ಸಾಕುವುದಿಲ್ಲ, ಸಾಧಾರಣ ಎಲ್.ಇ.ಡಿ. ಪಟ್ಟಿ ಸಾಕು.

ಇಂಗ್ಲೆಂಡಿನ ಫಿಲಿಪ್ ಗಾಸ್ ಎಂಬಾತ ೧೮೫೪ರಲ್ಲಿ ಪುಸ್ತಕ ಬರೆದು ‘ಅಕ್ವೇರಿಯಂ’ ಎಂಬ ಮಾತನ್ನು ಬಳಕೆಗೆ ತಂದ. ನಮ್ಮ ದೇಶದಲ್ಲಿ ೧೯೦೯ರಲ್ಲಿ ಮದರಾಸಿನ ಮರೀನಾ ತೀರದಲ್ಲಿ, ೧೯೫೧ರಲ್ಲಿ ಮುಂಬಯಿಯ ಕಡಲಂಚಿನಲ್ಲಿ ಮತ್ಸ್ಯಾಲಯಗಳು ತೆರೆದವು. ಅವರೆಲ್ಲ ಕಡಲಿನ ನೆರೆಯವರು. ಬೇಕೆಂದಾಗ ಕೊಡ ತುಂಬಿಕೊಳ್ಳಬಲ್ಲವರು. ಒಣ ನೆಲದವರಿಗೆ ಕಡಲಿನ ಬೆಲೆ ರಸೀದಿಯ ಮೂಲಕವೇ ತಿಳಿಯಬೇಕೇನೋ. ಅಂಗಡಿಯ ಬಿಲ್ಲುಗಳನ್ನು ಒಂದರ ಮೇಲೊಂದು ಇಟ್ಟು ಕೂಡಿಸುವಾಗ, ಇಷ್ಟನ್ನೂ ಆ ನೀರು ಯಾರನ್ನೂ ಕೇಳದೆ ಮಾಡುತ್ತಿದೆಯಲ್ಲ ಎಂದು ನನಗೆ ಬೆರಗಾಯಿತು.

ಜೂನಿನಲ್ಲಿ ಉಪ್ಪು ಬೆರೆಸಿದೆವು. ಡ್ರಮ್ಮಿನಲ್ಲಿ ರಾತ್ರಿಯೆಲ್ಲ ಪಂಪು ತಿರುಗಿ ಬೆಳಗ್ಗೆ ನೀರು ತಿಳಿಯಾಗಿತ್ತು. ರಿಫ್ರಾಕ್ಟೋಮೀಟರು ೩೫ ಎಂದಿತು. ಹೆಂಡತಿ ಅದನ್ನು ನಂಬದೆ ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿ, ಸ್ವಲ್ಪ ಹೊತ್ತು ನಿಂತಳು. “ನಮ್ಮೂರಿನ ನೀರಲ್ಲ,” ಎಂದಳು, “ಆದರೆ ಹಿಂದೆ ಆ ಕಹಿಯಿದೆ.”

ಅಲ್ಲಿಂದ ಆರು ವಾರ ತೊಟ್ಟಿಯಲ್ಲಿ ಕಲ್ಲು, ನೀರು, ಸಣ್ಣ ಅಲೆ, ಬೇರೇನಿಲ್ಲ. ಬಂದವರೆಲ್ಲ ಬಗ್ಗಿ ನೋಡಿ “ಮೀನೆಲ್ಲಿ?” ಎಂದು ಕೇಳಿ, ಇಲ್ಲವೆಂದಾಗ ನನ್ನ ಮುಖವನ್ನು ಒಂದು ಬಗೆಯಾಗಿ ನೋಡಿಹೋದರು. ಮೊಮ್ಮಗಳ ಪುಸ್ತಕದಲ್ಲಿ ಅಮೋನಿಯಾ ಏರಿ ಇಳಿಯಿತು. ನೈಟ್ರೈಟು ಏರಿತು, ಬಹಳ ದಿನ ಸತಾಯಿಸಿ ಅದೂ ಇಳಿಯಿತು. ಕಡಲಿನಿಂದ ಹಿಡಿದು ತಂದವು ಬೇಡ, ಮೊಟ್ಟೆಯೊಡೆದಾಗಿನಿಂದ ತೊಟ್ಟಿಯಲ್ಲೇ ಬೆಳೆದ ಮರಿಗಳನ್ನೇ ತರಬೇಕು, ಎರಡೇ ಸಾಕು ಎಂಬ ಷರತ್ತನ್ನು ಹೆಂಡತಿ ಹಾಕಿದಳು; ಅಂಥವು ಸಿಗುತ್ತವೆ.

ಪಟ್ಟಿಯನ್ನು ಬೀರುವಿನ ಬಾಗಿಲಿಗೆ ಅಂಟಿಸಿದ್ದೇವೆ. ಎಡಗಡೆಗೆ ಕಡಲಿನ ಕೆಲಸಗಳು. ಬಲಗಡೆಗೆ: ತಂಪು, ಫ್ಯಾನು, ಅಲೆ, ಎರಡು ಪಂಪು, ಅರಗಿಸುವುದು, ಕಲ್ಲು, ನೊರೆ, ಸ್ಕಿಮ್ಮರ್, ಮಳೆ, ಮೊಮ್ಮಗಳು, ಅಳತೆ, ಅಜ್ಜ. ಕೊನೆಯ ಸಾಲಿನಲ್ಲಿ ‘ಮೀನು ತರುವುದೋ ಬೇಡವೋ’ ಎಂದಿದೆ. ಅದರ ಮುಂದಿನ ಜಾಗ ಮಾರ್ಚ್ ತಿಂಗಳಿನಿಂದ ಖಾಲಿಯಿತ್ತು. ಹೋದ ಗುರುವಾರ ಬೆಳಗ್ಗೆ ನೋಡಿದರೆ ಹೆಂಡತಿಯ ಕೈಬರಹದಲ್ಲಿ ‘ತರಬಹುದು’ ಎಂದು ಬರೆದಿತ್ತು.